ಕಂಡದ್ದು, ಕೇಳಿದ್ದು, ಕಲ್ಪಿಸಿದ್ದು

ನಮ್ಮ ಕರಾವಳಿಯ ಮನೆಗಳಲ್ಲಿ ಹಳೆಯ ಫೋಟೊಗಳಿಗೆ ಇರುವುದು ಎರಡೇ ಜಾಗ. ಒಂದು ಚಾವಡಿಯ ಗೋಡೆ. ಅಲ್ಲಿ ತೀರಿಹೋದ ಹಿರಿಯರು ಹಾರ ಹಾಕಿಸಿಕೊಂಡು ಕುಳಿತಿರುತ್ತಾರೆ. ಇನ್ನೊಂದು ಕಪಾಟಿನ ಮೇಲಿನ ಬಿಸ್ಕತ್ತು ಡಬ್ಬಿ. ಅದರೊಳಗೆ ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೊ, ಬೊಂಬಾಯಿಯಿಂದ ಅಂಚೆಯಲ್ಲಿ ಬಂದ ಭಾವಚಿತ್ರ ಎಲ್ಲವೂ ಒಂದರ ಮೇಲೊಂದು ಮಲಗಿರುತ್ತವೆ. ಪ್ರತಿ ಮಳೆಗಾಲದಲ್ಲೂ ಅವುಗಳ ಮೇಲೆ ಬೂಷ್ಟು ಸ್ವಲ್ಪ ಸ್ವಲ್ಪ ಹಬ್ಬುತ್ತದೆ. ಮನೆ ಸಾರಿಸಿ ಗುಡಿಸುವ ದಿನ ಯಾರಾದರೂ ಡಬ್ಬಿ ತೆರೆದು, 'ಇದು ಯಾರಪ್ಪಾ?' ಎಂದು ಕೇಳಿ, ಉತ್ತರ ಸಿಗದೆ ಮತ್ತೆ ಮುಚ್ಚಿಡುತ್ತಾರೆ.

ಮಕ್ಕಳೇ, ಆ ಡಬ್ಬಿಯಲ್ಲಿ ನಿಮಗೆ ಬೇಕಾದಷ್ಟು ಕಥೆಗಳಿವೆ. ಶಾಲೆಯಲ್ಲಿ 'ಸ್ವಂತ ಕಥೆ ಬರೆಯಿರಿ' ಎಂದ ಕೂಡಲೇ ಪೆನ್ಸಿಲು ಕಚ್ಚುತ್ತಾ ಕೂರುವವರು ಇದನ್ನು ಓದಿ. ಅಜ್ಜ ಅಜ್ಜಿಯರೂ ಓದಬೇಕು. ಯಾಕೆಂದರೆ ಈ ಕೆಲಸದ ಅರ್ಧ ಪಾಲು ನಮ್ಮದು.

ಮೂಕಜ್ಜಿಯ ದಾರಿ

ಕೋಟ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಕಾದಂಬರಿಯ ಹೆಸರನ್ನು ನೀವು ಕೇಳಿರುತ್ತೀರಿ. 1968ರಲ್ಲಿ ಬಂದ ಈ ಪುಸ್ತಕಕ್ಕೆ 1977ರ ಜ್ಞಾನಪೀಠ ಪ್ರಶಸ್ತಿ ಸಿಕ್ಕಿತು. ಅದರಲ್ಲಿ ಒಬ್ಬ ಅಜ್ಜಿ, ಒಬ್ಬ ಮೊಮ್ಮಗ. ಮೊಮ್ಮಗ ಸುಬ್ಬರಾಯ ಹಳೆಯ ಕಾಲದ ವಸ್ತುವೊಂದನ್ನು ತಂದು ಅಜ್ಜಿಯ ಕೈಯಲ್ಲಿಡುತ್ತಾನೆ. ಅಜ್ಜಿ ಅದನ್ನು ಮುಟ್ಟಿದರೆ ಸಾಕು, ಅದರ ಹಿಂದಿನ ಕಾಲ, ಜನ, ಬದುಕು ಅವಳ ಕಣ್ಣಿಗೆ ಕಟ್ಟುತ್ತದೆ.

ನಮ್ಮ ಮನೆಯ ಅಜ್ಜಿಯರಿಗೆ ಆ ಶಕ್ತಿ ಇಲ್ಲ ಎಂದುಕೊಳ್ಳಬೇಡಿ. ಒಂದು ಹಳೆಯ ಫೋಟೊವನ್ನು ಅವರ ಕೈಯಲ್ಲಿಟ್ಟು ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿ. ಮೊದಲು ಕನ್ನಡಕ ಹುಡುಕುತ್ತಾರೆ. ಆಮೇಲೆ ಫೋಟೊವನ್ನು ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ಮಾತು ಶುರುವಾಗುತ್ತದೆ. 'ಈ ಸೀರೆ ನನ್ನದಲ್ಲ, ಅತ್ತಿಗೆಯದ್ದು' ಎನ್ನುವಲ್ಲಿಂದ ಹೊರಟ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಹೇಳಲಾಗದು.

ಮೂರು ಕಲಮುಗಳ ಲೆಕ್ಕ

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತೈದು ವರ್ಷ ಲೆಡ್ಜರು ಬರೆದವನು ನಾನು. ಕಥೆ ಬರೆಯುವುದಕ್ಕೂ ಒಂದು ಲೆಡ್ಜರು ಬೇಕು ಎಂಬುದು ನನ್ನ ವಾದ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಎರಡು ಉದ್ದ ಗೆರೆ ಎಳೆದು ಮೂರು ಕಲಮು ಮಾಡಿ. ಮೊದಲನೆಯದಕ್ಕೆ 'ಕಂಡದ್ದು', ಎರಡನೆಯದಕ್ಕೆ 'ಕೇಳಿದ್ದು', ಮೂರನೆಯದಕ್ಕೆ 'ಕಲ್ಪಿಸಿದ್ದು' ಎಂದು ತಲೆಬರಹ ಕೊಡಿ.

'ಕಂಡದ್ದು' ಎಂದರೆ ಫೋಟೊದಲ್ಲಿ ಕಣ್ಣಿಗೆ ಕಾಣುವುದು ಮಾತ್ರ. 'ಅಜ್ಜ ಸಿಟ್ಟಿನಲ್ಲಿದ್ದಾರೆ' ಎಂದು ಇಲ್ಲಿ ಬರೆಯುವಂತಿಲ್ಲ. 'ಅಜ್ಜನ ಹುಬ್ಬು ಗಂಟಿಕ್ಕಿದೆ, ಬಿಸಿಲು ಮುಖಕ್ಕೆ ಬೀಳುತ್ತಿದೆ' ಎಂದು ಬರೆಯಬೇಕು. ಸಿಟ್ಟೋ ಬಿಸಿಲೋ ಎನ್ನುವುದು ಆಮೇಲಿನ ಮಾತು. 'ಕೇಳಿದ್ದು' ಎಂದರೆ ಹಿರಿಯರನ್ನು ಕೇಳಿ ಅಥವಾ ಪುಸ್ತಕ ನೋಡಿ ತಿಳಿದದ್ದು. 'ಕಲ್ಪಿಸಿದ್ದು' ಪೂರ್ತಿ ನಿಮ್ಮದು. ಅಲ್ಲಿ ನೀವೇ ರಾಜರು.

ಕಥೆ ಹುಟ್ಟುವುದು ಮೂರನೆಯ ಕಲಮಿನಲ್ಲಿ. ಆದರೆ ಅದು ನಿಲ್ಲುವುದು ಮೊದಲ ಎರಡರ ಮೇಲೆ. ಅವು ಖಾಲಿ ಇದ್ದರೆ ಕಥೆಯಲ್ಲಿ ಬರುವುದು ನೀವು ಟಿವಿಯಲ್ಲಿ ಕಂಡ ರಾಜಕುಮಾರ ರಾಜಕುಮಾರಿಯರೇ.

ಕಾಪುವಿನ ಬಂಡೆಯ ಮೇಲೆ

ಒಂದು ಉದಾಹರಣೆ ನೋಡೋಣ. ಉಡುಪಿ ಕಡೆಯ ಬಹಳ ಮನೆಗಳಲ್ಲಿ ಕಾಪು ದೀಪಸ್ತಂಭದ ಎದುರು ನಿಂತು ತೆಗೆಸಿಕೊಂಡ ಫೋಟೊ ಒಂದಾದರೂ ಇರುತ್ತದೆ. ನಿಮ್ಮ ಮನೆಯದು ಕಪ್ಪು ಬಿಳುಪಿನದು ಎಂದಿಟ್ಟುಕೊಳ್ಳಿ.

ಕಂಡದ್ದು: ಬಂಡೆ, ಅದರ ಮೇಲೆ ಎತ್ತರದ ಸ್ತಂಭ, ಮುಂದೆ ಐದು ಜನ. ಒಬ್ಬ ಹುಡುಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದಾನೆ. ಹೆಂಗಸರ ಸೆರಗು ಒಂದೇ ಕಡೆಗೆ ಹಾರುತ್ತಿದೆ.

ಕೇಳಿದ್ದು: ಈ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಎತ್ತರ ಸುಮಾರು 27 ಮೀಟರ್. ಮೊದಲು ಅಲ್ಲಿ ಉರಿಯುತ್ತಿದ್ದದ್ದು ಎಣ್ಣೆಯ ದೀಪ, ವಿದ್ಯುತ್ತು ಬಂದದ್ದು ಎಷ್ಟೋ ಕಾಲದ ನಂತರ. ಫೋಟೊ ತೆಗೆದ ದಿನ ಊರಿನಿಂದ ಕಾಪುವಿಗೆ ಹೇಗೆ ಹೋದರು, ಬುತ್ತಿಯಲ್ಲಿ ಏನು ಕಟ್ಟಿಕೊಂಡಿದ್ದರು, ಯಾರು ನೀರಿಗೆ ಇಳಿಯಲು ಹೆದರಿದರು ಎಂಬುದನ್ನು ಅಜ್ಜಿಯೇ ಹೇಳಬೇಕು.

ಕಲ್ಪಿಸಿದ್ದು: ಹುಡುಗನ ಕೈಯಲ್ಲಿ ಚಪ್ಪಲಿ ಯಾಕೆ? ಒದ್ದೆಯಾಗಬಾರದು ಎಂದೇ? ಹೊಸ ಚಪ್ಪಲಿಯೇ? ಅಣ್ಣನದ್ದನ್ನು ಕೇಳದೆ ಹಾಕಿಕೊಂಡು ಬಂದಿದ್ದನೇ? ರಾತ್ರಿ ದೀಪಕ್ಕೆ ಎಣ್ಣೆ ಹಾಕಲು ಮೆಟ್ಟಿಲು ಹತ್ತುವವರಿಗೆ ಮೇಲಿನಿಂದ ಈ ಐವರು ಹೇಗೆ ಕಂಡರು? ಒಂದೊಂದು ಪ್ರಶ್ನೆಯೂ ಒಂದು ಕಥೆ.

ಮೂರೂ ಕಲಮು ಒಂದಕ್ಕೊಂದು ತಾಳೆಯಾಗಬೇಕು ಎಂಬುದನ್ನು ಮರೆಯಬೇಡಿ. 1920ರ ಕಥೆಯಲ್ಲಿ ದೀಪಸ್ತಂಭದ ಕಾವಲುಗಾರ ಸ್ವಿಚ್ಚು ಒತ್ತಿದರೆ ಲೆಕ್ಕ ತಪ್ಪಿತು!

ಫೋಟೊದ ವಯಸ್ಸು ಹೇಗೆ ತಿಳಿಯುವುದು?

ಹಿಂಬದಿಯಲ್ಲಿ ತಾರೀಕು ಇಲ್ಲದಿದ್ದರೂ ಕೆಲವು ಗುರುತುಗಳು ನಮ್ಮ ಸಹಾಯಕ್ಕೆ ಬರುತ್ತವೆ. ಅಂಗಡಿಯ ಬೋರ್ಡು ಕಂಡರೆ ಭೂತಗನ್ನಡಿ ಹಿಡಿದು ಓದಿ. ನಮ್ಮ ಊರು 1956ರ ನವೆಂಬರ್ 1ರ ತನಕ ಮದ್ರಾಸಿಗೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯ. ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಬೋರ್ಡಿನಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ ಬೋರ್ಡು ಬರೆಸಿದ್ದು ಯಾವ ಹದಿನೇಳು ವರ್ಷಗಳ ಒಳಗೆ ಎಂದು ನೀವೇ ಹೇಳಬಹುದು. ಕ್ರಯ ಬರೆದಿದ್ದರೆ ಇನ್ನೂ ಒಳ್ಳೆಯದು. ಆಣೆಯ ಲೆಕ್ಕ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು.

ಫೋಟೊದ ಆಕಾರವೂ ಮಾತನಾಡುತ್ತದೆ. ಅಂಗೈಯಗಲದ ಚೌಕದ ಫೋಟೊ ಇದ್ದರೆ ಅದು ಮನೆಯವರೇ ಆಗ್ಫಾ ಕ್ಲಿಕ್ ಥ್ರೀಯಂಥ ಕ್ಯಾಮೆರಾದಲ್ಲಿ ತೆಗೆದದ್ದು ಇರಬಹುದು. ಅದರ ಒಂದು ರೋಲಿಗೆ 12 ಚಿತ್ರ ಮಾತ್ರ. ಇಡೀ ಮದುವೆಗೆ ಹನ್ನೆರಡೇ ಚಿತ್ರ! ಹಾಗಾಗಿ ಪ್ರತಿ ಚಿತ್ರಕ್ಕೂ ಯಾರನ್ನು ನಿಲ್ಲಿಸಬೇಕು, ಯಾರನ್ನು ಬಿಡಬೇಕು ಎಂಬ ಚರ್ಚೆ ನಡೆಯುತ್ತಿತ್ತು. ಆ ಚರ್ಚೆಯನ್ನೇ ಒಂದು ನಾಟಕ ಮಾಡಬಹುದು.

ಕಾರ್ಕಳದ ಗೊಮ್ಮಟನ ಮುಂದೆ ನಿಂತ ಫೋಟೊ ಆದರೆ ಬೇರೆಯೇ ಮೋಜು. ವೀರಪಾಂಡ್ಯ ಭೈರರಸ ಆ 42 ಅಡಿಯ ಮೂರ್ತಿಯನ್ನು ನಿಲ್ಲಿಸಿದ್ದು 1432ರ ಫೆಬ್ರವರಿ 13ರಂದು. ಅಜ್ಜನ ಅಪ್ಪ ನಿಂತ ಫೋಟೊದಲ್ಲೂ, ನೀವು ಮೊನ್ನೆ ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲೂ ಗೊಮ್ಮಟ ಹಾಗೆಯೇ ಇದ್ದಾನೆ. ಅವನ ಕಾಲಬುಡದ ಜನ ಮಾತ್ರ ಬದಲಾಗುತ್ತಾ ಬಂದಿದ್ದಾರೆ. ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ ಬರುವಾಗ ಮೂರ್ತಿಯ ಹಿಂದೆ ಅಟ್ಟಳಿಗೆ ಏಳುತ್ತದೆ. 2015ರ ಜನವರಿಯಲ್ಲಿ ಅದನ್ನು ನೋಡಿದವರು ನಿಮ್ಮ ಮನೆಯಲ್ಲೇ ಇರಬಹುದು. ಫೋಟೊದಲ್ಲಿ ಅಟ್ಟಳಿಗೆ ಕಂಡರೆ ವರ್ಷ ಹುಡುಕುವುದು ಸುಲಭ. ಗೊಮ್ಮಟನೇ ಕಥೆ ಹೇಳಿದರೆ ಹೇಗೆ ಎಂದೂ ಯೋಚಿಸಿ. ಆರುನೂರು ವರ್ಷ ಹತ್ತಿರ ಬಂತು, ಎಷ್ಟೊಂದು ಕುಟುಂಬಗಳನ್ನು ನೋಡಿರಬೇಕು ಅವನು!

ಎರಡು ಪೈಯ ಕಥೆ

ಮನೆಯಲ್ಲಿ ಫೋಟೊ ಇಲ್ಲದವರು ಊರಿನ ಫೋಟೊ ಹಿಡಿದು ಬರೆಯಬಹುದು. ಮಣಿಪಾಲದ ಹಳೆಯ ಚಿತ್ರಗಳನ್ನು ನೋಡಿದರೆ ನಂಬಲಿಕ್ಕೆ ಕಷ್ಟ. ಬೋಳು ಗುಡ್ಡ, ಮುರಕಲ್ಲು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದ ಮೇಲೆ ಊರು ಬೆಳೆದ ರೀತಿಯನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. 'ಮಣ್ಣ ಪಳ್ಳ' ಎಂಬ ಕೆರೆಯಿಂದ ಮಣಿಪಾಲ ಎಂಬ ಹೆಸರು ಬಂತು ಎನ್ನುತ್ತಾರೆ. ಹಳೆಯ ಚಿತ್ರ ತೆಗೆದ ಜಾಗದಲ್ಲೇ ನಿಂತು ಇಂದಿನ ಚಿತ್ರ ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು, ನಡುವಿನ ಕಾಲದಲ್ಲಿ ಆ ದಾರಿಯಲ್ಲಿ ದಿನಾ ನಡೆದ ಒಬ್ಬರ ಕಥೆ ಬರೆಯಿರಿ. ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸುತ್ತಿದ್ದ ಪಿಗ್ಮಿ ಠೇವಣಿಯ ಏಜೆಂಟರನ್ನು ಬೇಕಾದರೆ ಪಾತ್ರ ಮಾಡಿಕೊಳ್ಳಿ. 1928ರಲ್ಲಿ ನಮ್ಮ ಊರಿನಲ್ಲೇ ಹುಟ್ಟಿದ ಯೋಜನೆ ಅದು.

ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆ ಉಂಟು. ಕಾರ್ಪೊರೇಷನ್ ಬ್ಯಾಂಕಿನವರು ಅದನ್ನು ನಾಣ್ಯಗಳ ಸಂಗ್ರಹಾಲಯ ಮಾಡಿದರು. ಸಾಹೇಬರು ಆ ಬ್ಯಾಂಕನ್ನು ಶುರು ಮಾಡಿದ್ದು 1906ರ ಮಾರ್ಚ್ 12ರಂದು. ಮೊದಲ ದಿನದ ಕೊನೆಗೆ ಪೆಟ್ಟಿಗೆಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಹದಿನಾರು ಆಣೆಗೆ ಒಂದು ರೂಪಾಯಿ, ಹನ್ನೆರಡು ಪೈಗೆ ಒಂದು ಆಣೆ. ಅಂದರೆ 2 ಪೈ ಎಂಬುದು ಆಗಿನ ಕಾಲಕ್ಕೂ ಏನೇನೂ ಅಲ್ಲ. ಸಾಹೇಬರ ಭಾವಚಿತ್ರ ನೋಡುವಾಗಲೆಲ್ಲ ನನಗೆ ಒಂದೇ ಪ್ರಶ್ನೆ: ಆ ಕೊನೆಯ 2 ಪೈ ತಂದುಕೊಟ್ಟವರು ಯಾರು? ಯಾವ ಲೆಡ್ಜರಿನಲ್ಲೂ ಇದಕ್ಕೆ ಉತ್ತರ ಸಿಗಲಾರದು. ಆದ್ದರಿಂದಲೇ ಅದು ಕಥೆಗಾರರ ಪಾಲಿನದು. ಮಕ್ಕಳೇ, ಆ ವ್ಯಕ್ತಿಯನ್ನು ನೀವು ಹುಟ್ಟಿಸಿ.

ಗಾಂಧೀಜಿ ಹರಿಜನ ಯಾತ್ರೆಯಲ್ಲಿ 1934ರ ಫೆಬ್ರವರಿ 25ರಂದು ಉಡುಪಿಗೆ ಬಂದರು. ಅಜ್ಜರಕಾಡಿನಲ್ಲಿ ಸಭೆ ನಡೆಯಿತು. ಆ ಯಾತ್ರೆಯುದ್ದಕ್ಕೂ ಹೆಂಗಸರು ಮೈಮೇಲಿನ ಚಿನ್ನವನ್ನು ಬಿಚ್ಚಿ ನಿಧಿಗೆ ಕೊಡುತ್ತಿದ್ದರು. ಇಂಥ ಸಭೆಗಳ ಫೋಟೊ ನೋಡುವಾಗ ನಮ್ಮ ಕಣ್ಣು ನೇರ ಗಾಂಧೀಜಿಯ ಮೇಲೆ ಹೋಗುತ್ತದೆ. ಒಮ್ಮೆ ಅವರನ್ನು ಬಿಟ್ಟು ಗುಂಪನ್ನು ನೋಡಿ. ಅಪ್ಪನ ಹೆಗಲ ಮೇಲೆ ಕುಳಿತ ಮಗು, ಬಳೆ ಮುಟ್ಟಿಕೊಂಡು ಯೋಚಿಸುತ್ತಿರುವ ತಾಯಿ. ಫೋಟೊದ ನಡುವಿನಲ್ಲಿರುವವರ ಕಥೆಯನ್ನು ಇತಿಹಾಸ ಬರೆದಾಗಿದೆ. ಅಂಚಿನಲ್ಲಿರುವವರ ಕಥೆ ನಿಮಗಾಗಿ ಕಾದಿದೆ.

ಅಂಚಿನಲ್ಲಿ ನಿಂತ ಹುಡುಗಿ

ನಮ್ಮ ಮನೆಯಲ್ಲೂ ಅಂಥದ್ದೊಂದು ಫೋಟೊ ಇದೆ. 1952ರದು. ಬೊಂಬಾಯಿಯಲ್ಲಿದ್ದ ಸೋದರಮಾವ ಊರಿಗೆ ಬಂದಾಗ ಕಾರ್ಕಳದ ಮನೆಯ ಜಗಲಿಯಲ್ಲಿ ತೆಗೆದದ್ದು. ಹನ್ನೊಂದು ಮಂದಿ ಸಾಲಾಗಿ ನಿಂತಿದ್ದಾರೆ. ಎಡದ ತುದಿಯಲ್ಲಿ ಹತ್ತು ವರ್ಷದ ಒಬ್ಬ ಹುಡುಗಿ ಸೊಂಟದಲ್ಲಿ ಮಗುವನ್ನು ಎತ್ತಿಕೊಂಡಿದ್ದಾಳೆ. ಅವಳ ಮುಖದ ಅರ್ಧ ಭಾಗ ಫೋಟೊದ ಹೊರಗೆ ಹೋಗಿದೆ. ಆ ಮಗು ನಾನು. ಮನೆಗೆ ಬಂದವರಿಗೆಲ್ಲ ಅಮ್ಮ 'ಇದು ನಮ್ಮ ಸಣ್ಣವನು' ಎಂದು ಮಗುವನ್ನೇ ತೋರಿಸುತ್ತಿದ್ದರು. ಎತ್ತಿಕೊಂಡವಳ ಮಾತು ಎಂದೂ ಬಂದದ್ದಿಲ್ಲ.

ಆರನೆಯ ತರಗತಿಯ ನನ್ನ ಮೊಮ್ಮಗಳು ಕಳೆದ ರಜೆಯಲ್ಲಿ ಇದೇ ಫೋಟೊ ಹಿಡಿದು ಕಥೆ ಬರೆದಳು. ಆ ಹುಡುಗಿ ಓಡಿಬಂದ ರಾಜಕುಮಾರಿ, ಯಾರಿಗೂ ಗುರುತು ಸಿಗಬಾರದೆಂದು ಮುಖ ಮರೆಸಿಕೊಂಡಿದ್ದಾಳೆ ಎಂದು ಬರೆದಿದ್ದಳು. ಕಥೆ ಚೆನ್ನಾಗಿಯೇ ಇತ್ತು. ಆದರೆ ಎರಡನೆಯ ಕಲಮು ಖಾಲಿ. ಹೆಸರು ಹೇಳಬಲ್ಲವರು ಒಬ್ಬರೇ, ನನ್ನ ದೊಡ್ಡಕ್ಕ. ಅವಳಿಗೆ ಈಗ 86. ಫೋನು ಮಾಡಿ ಕೊಟ್ಟೆ.

'ಅಜ್ಜಿ, ಆ ಕೊನೆಯಲ್ಲಿ ನಿಂತದ್ದು ಯಾರು?'

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೆಸರು ಹೇಳಿದಳು. 'ನಿನ್ನ ಅಜ್ಜನನ್ನು ನೋಡಿಕೊಳ್ಳಲಿಕ್ಕೆ ಅಂತ ನಮ್ಮಲ್ಲಿ ಇದ್ದದ್ದು ಮಗಾ. ಶಾಲೆಗೆ ಹೋದದ್ದಿಲ್ಲ. ನಾನು ಓದುವಾಗ ಪಕ್ಕದಲ್ಲಿ ಬಂದು ಕೂರುತ್ತಿತ್ತು. ನನ್ನ ಪುಸ್ತಕದಲ್ಲೇ ನಾಲ್ಕು ಅಕ್ಷರ ಕಲಿತಿತ್ತು. ಎರಡು ವರ್ಷ ಆದ ಮೇಲೆ ಅದರ ಅಪ್ಪ ಬಂದು ಕರಕೊಂಡು ಹೋದರು. ಆಮೇಲೆ ನೋಡಲಿಲ್ಲ.'

ಮೊಮ್ಮಗಳು ಕಥೆಯನ್ನು ಮತ್ತೆ ಬರೆದಳು. ಈ ಸಲ ರಾಜಕುಮಾರಿ ಇಲ್ಲ. ಮನೆಯ ಕೆಲಸ ಮುಗಿಸಿ, ಇನ್ನೊಬ್ಬಳ ಪುಸ್ತಕದಲ್ಲಿ ಒಂದೊಂದೇ ಅಕ್ಷರ ಕದ್ದು ಕಲಿಯುವ ಹುಡುಗಿ. ಹೇಳುವುದು ಸೊಂಟದ ಮೇಲಿನ ಮಗು. ಅದಕ್ಕೆ ಮಾತು ಬರುವುದಿಲ್ಲ, ಆದರೆ ಎಲ್ಲ ಕಾಣುತ್ತದೆ. ಬರೆದು ಮುಗಿಸಿ ಅವಳು ಕೇಳಿದಳು: 'ಅಜ್ಜ, ಅವರಿಗೆ ಈ ಫೋಟೊದ ಒಂದು ಕಾಪಿ ಕೊಟ್ಟಿದ್ದರಾ?'

ಕೊಟ್ಟಿರಲಿಕ್ಕಿಲ್ಲ. ಆಗ ಫೋಟೊದ ಪ್ರತಿ ತೆಗೆಸುವುದೆಂದರೆ ಖರ್ಚಿನ ಬಾಬತ್ತು. ಆ ಹುಡುಗಿ ತನ್ನ ಅರ್ಧ ಮುಖವನ್ನೂ ನೋಡಿರಲಾರಳು.

ಅಕ್ಕ ಹೇಳಿದ ಹೆಸರನ್ನು ಮೊಮ್ಮಗಳು ಫೋಟೊದ ಹಿಂಬದಿಯಲ್ಲಿ ಬರೆದಿಟ್ಟಿದ್ದಾಳೆ. ಎಪ್ಪತ್ತು ವರ್ಷಗಳ ನಂತರ ಹನ್ನೆರಡನೆಯವಳಿಗೂ ಒಂದು ಹೆಸರು ಬಂತು.

ಕಲ್ಪನೆಗೂ ಒಂದು ಬೇಲಿ

ಇಲ್ಲಿ ಒಂದು ಎಚ್ಚರಿಕೆಯ ಮಾತು. 1936ರಲ್ಲಿ ಅಮೆರಿಕದ ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಕ್ಯಾಲಿಫೋರ್ನಿಯಾದ ಕೂಲಿಕಾರರ ಬಿಡಾರದಲ್ಲಿ ಒಬ್ಬ ತಾಯಿಯ ಚಿತ್ರ ತೆಗೆದರು. ಚಿಂತೆಯ ಮುಖ, ಭುಜಕ್ಕೊರಗಿದ ಇಬ್ಬರು ಮಕ್ಕಳು. 'ವಲಸೆ ತಾಯಿ' ಎಂದು ಆ ಚಿತ್ರ ಜಗತ್ತಿನಲ್ಲೆಲ್ಲ ಹೆಸರಾಯಿತು. ಆದರೆ ಲ್ಯಾಂಗ್ ಆ ತಾಯಿಯ ಹೆಸರನ್ನೇ ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಹೊಟ್ಟೆಗಾಗಿ ಆ ಕುಟುಂಬ ಕಾರಿನ ಟಯರು ಮಾರಿತ್ತು ಎಂದು ಲ್ಯಾಂಗ್ ಬರೆದಿದ್ದರು. ಮಾರಲಿಕ್ಕೆ ನಮ್ಮಲ್ಲಿ ಬೇರೆ ಟಯರೇ ಇರಲಿಲ್ಲ ಎಂದು ಆಕೆಯ ಮಗ ಆಮೇಲೆ ಹೇಳಿದ. ಚಿತ್ರ ಅಷ್ಟು ಪ್ರಸಿದ್ಧವಾದರೂ ತನಗೆ ಅದರಿಂದ ಏನೂ ಸಿಗಲಿಲ್ಲ ಎಂಬ ನೋವು ಆ ತಾಯಿಗಿತ್ತು.

ಫೋಟೊದಲ್ಲಿರುವವರು ನಮ್ಮ ಕಥೆಗಾಗಿ ಹುಟ್ಟಿದವರಲ್ಲ. ಅವರಿಗೆ ಅವರದ್ದೇ ಬದುಕು ಇತ್ತು. ಆದ್ದರಿಂದ ಎರಡು ನಿಯಮ ಇಟ್ಟುಕೊಳ್ಳಿ. ಕಲ್ಪಿಸಿದ್ದನ್ನು 'ಇದು ಕಲ್ಪನೆ' ಎಂದೇ ಹೇಳಿ, ನಡೆದ ಸಂಗತಿ ಎಂದು ಹೇಳಬೇಡಿ. ಗೊತ್ತಿರುವ ವ್ಯಕ್ತಿಯ ಮೇಲೆ ಕಳ್ಳತನ, ಜಗಳ, ಕೆಟ್ಟತನ ಹೊರಿಸುವಂತಿದ್ದರೆ ಹೆಸರು, ಊರು ಬದಲಿಸಿ.

ಫೋಟೊಗಳೂ ಕೆಲವೊಮ್ಮೆ ಕಥೆ ಕಟ್ಟುತ್ತವೆ, ಅದನ್ನೂ ತಿಳಿದಿರಿ. ಹೋಟೆಲಿನ ಕೆಲಸಕ್ಕೆಂದು ಬೊಂಬಾಯಿಗೆ ಹೋದ ನಮ್ಮ ಊರಿನ ಹುಡುಗರು ಸ್ಟುಡಿಯೊಕ್ಕೆ ಹೋಗಿ, ಅಲ್ಲೇ ಇದ್ದ ಕೋಟು, ಟೈ ತೊಟ್ಟು, ಬಣ್ಣದಲ್ಲಿ ಬರೆದ ಪರದೆಯ ಮುಂದೆ ನಿಂತು ಫೋಟೊ ತೆಗೆಸಿ ಮನೆಗೆ ಕಳುಹಿಸುತ್ತಿದ್ದರು. ಮಗ ಸುಖವಾಗಿದ್ದಾನೆ ಎಂದು ಇಲ್ಲಿ ತಾಯಿ ಅದನ್ನು ದೇವರ ಫೋಟೊದ ಪಕ್ಕ ಇಡುತ್ತಿದ್ದಳು. ಆ ಕೋಟಿನೊಳಗಿನ ಹುಡುಗ ಆ ದಿನ ಎಷ್ಟು ಲೋಟ ತೊಳೆದು ಬಂದಿದ್ದ? ಬರೆಯಿರಿ.

ಅಜ್ಜ ಅಜ್ಜಿಯರಿಗೆ ಒಂದು ಕೆಲಸ

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದವರು. ಅವರು ತೆಗೆಸಿದ ನಮ್ಮ ಕರಾವಳಿಯ ಹಳೆಯ ಚಿತ್ರಗಳು ಬಾಸೆಲ್ ನಗರದ ಸಂಗ್ರಹದಲ್ಲಿ ಇಂದಿಗೂ ಜೋಪಾನವಾಗಿವೆ, ಅಂತರಜಾಲದಲ್ಲೂ ನೋಡಲು ಸಿಗುತ್ತವೆ. ಆದರೆ ಆ ಕಾಲದ ಇಂಥ ಅನೇಕ ಚಿತ್ರಗಳಲ್ಲಿ ಪಾದ್ರಿಯ ಹೆಸರು ಇರುತ್ತದೆ, ಪಕ್ಕದಲ್ಲಿ ನಿಂತ ನಮ್ಮವರ ಹೆಸರು ಇರುವುದಿಲ್ಲ. ಅವರನ್ನು ಗುರುತಿಸಬಲ್ಲವರು ಯಾವಾಗಲೋ ಹೋಗಿಬಿಟ್ಟರು. ನಮ್ಮ ಬಿಸ್ಕತ್ತು ಡಬ್ಬಿಗಳ ವಿಷಯ ಹಾಗಲ್ಲ. ಹೆಸರು ಹೇಳಬಲ್ಲವರು ಇನ್ನೂ ಇದ್ದೇವೆ.

ಆದ್ದರಿಂದ ನನ್ನ ವಯಸ್ಸಿನವರಲ್ಲಿ ವಿನಂತಿ: ಮಳೆ ಹಿಡಿಯುವ ಮೊದಲು ಡಬ್ಬಿ ಇಳಿಸಿ. ಫೋಟೊವನ್ನು ಸಮತಟ್ಟಾದ ಮೇಜಿನ ಮೇಲೆ ಮಗುಚಿ ಇಟ್ಟು, ಹಿಂಬದಿಯ ಅಂಚಿನಲ್ಲಿ ಮೆತ್ತಗಿನ ಪೆನ್ಸಿಲಿನಿಂದ ಎಡದಿಂದ ಬಲಕ್ಕೆ ಹೆಸರು, ಊರು, ಅಂದಾಜು ವರ್ಷ ಬರೆಯಿರಿ. ಬಾಲ್ ಪೆನ್ನು ಬೇಡ, ಒತ್ತಿದ ಗೆರೆ ಮುಂದಿನ ಬದಿಗೆ ಮೂಡುತ್ತದೆ. ಬೂಷ್ಟು ಹಿಡಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಿಸಿಲಿಗೆ ಹಾಕಬೇಡಿ. ಗಾಜಿಗೆ ಅಂಟಿದ ಫೋಟೊವನ್ನು ಎಳೆಯಬೇಡಿ, ಗಾಜಿನ ಮೇಲಿನಿಂದಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಮೊಮ್ಮಕ್ಕಳಿಗೆ ಇಂಥ ಕೆಲಸ ಬಲು ಇಷ್ಟ. ನೀವು ಮಾತಾಡುವಾಗ ಅದೇ ಮೊಬೈಲಿನಲ್ಲಿ ದನಿಯನ್ನೂ ಹಿಡಿದಿಡಲಿ.

ಮಕ್ಕಳಿಗೆ ರಜೆಯ ಐದು ಅಭ್ಯಾಸ

ಒಂದು: ಫೋಟೊದಲ್ಲಿ ಕಾಣುವ ಇಪ್ಪತ್ತು ವಸ್ತುಗಳ ಪಟ್ಟಿ ಮಾಡಿ. ಹೆಸರು ಗೊತ್ತಿಲ್ಲದ್ದನ್ನು ಅಜ್ಜಿಯಲ್ಲಿ ಕೇಳಿ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ತಂದು ನಿಲ್ಲಿಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋದರೆ ಅಂಥ ಮನೆಯ ಚಾವಡಿ, ಕಂಬಗಳನ್ನು ಕಣ್ಣಾರೆ ನೋಡಬಹುದು.

ಎರಡು: ಫೋಟೊ ತೆಗೆಯುವ ಹಿಂದಿನ ಐದು ನಿಮಿಷ ಏನಾಯಿತು ಎಂದು ಒಂದು ಪುಟ ಬರೆಯಿರಿ.

ಮೂರು: ಕ್ಯಾಮೆರಾದ ಹಿಂದೆ ನಿಂತವರು ಫೋಟೊದಲ್ಲಿ ಇರುವುದಿಲ್ಲ. ಅವರು ಯಾರಿಗಾದರೂ ಬರೆದ ಕಾಗದವೊಂದನ್ನು ಬರೆಯಿರಿ.

ನಾಲ್ಕು: ಅಂಚಿನಲ್ಲಿ ನಿಂತವರೊಬ್ಬರನ್ನು ಆರಿಸಿ, 'ನಾನು' ಎಂದು ಅವರ ಬಾಯಲ್ಲೇ ಕಥೆ ಹೇಳಿಸಿ.

ಐದು: ಬರೆದು ಮುಗಿಸಿದ ಮೇಲೆ ಅಜ್ಜನಿಗೋ ಅಜ್ಜಿಗೋ ಗಟ್ಟಿಯಾಗಿ ಓದಿ ಹೇಳಿ. 'ಹಾಗಲ್ಲ ಮಗಾ, ನಡೆದದ್ದು ಹೀಗೆ' ಎಂದು ಅವರು ಶುರು ಮಾಡಿದರೆ ಬೇಸರ ಮಾಡಿಕೊಳ್ಳಬೇಡಿ. ಪೆನ್ಸಿಲು ತೆಗೆದು ಎರಡನೆಯ ಕಲಮಿನಲ್ಲಿ ಬರೆದುಕೊಳ್ಳಿ. ನಿಮ್ಮ ಮುಂದಿನ ಕಥೆ ಅಲ್ಲಿಂದಲೇ ಹೊರಡುತ್ತದೆ.